ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲಿ ಕೂಡಿ ಬರೆಯುವ ಪುಟ

ನಾಲ್ವರು ಮಕ್ಕಳು ನಾಲ್ಕು ಕಂಪ್ಯೂಟರ್‌ಗಳ ಮುಂದೆ ಕುಳಿತು ಒಂದೇ ಪುಟದಲ್ಲಿ, ಒಂದೇ ಹೊತ್ತಿನಲ್ಲಿ ಕನ್ನಡ ಬರೆಯಬೇಕು. ಯಾರು ಏನು ಬರೆದರು ಎಂಬುದು ಶಿಕ್ಷಕಿಗೆ ಕಾಣಬೇಕು. ಹೊರಗಿನ ಇಂಟರ್ನೆಟ್ ಇರಲಿ ಬಿಡಲಿ, ಪುಟ ತೆರೆಯಬೇಕು. ಕೆಲಸ ಇಷ್ಟು. ಶಾಲೆ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಸರ್ಕಾರಿ ಪ್ರೌಢಶಾಲೆ, ಹೆಸರು ಬೇಡ. ನಾನು ಹೊಟ್ಟೆಪಾಡಿಗೆ ಕಚೇರಿಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವವನು. ಇದು ಶನಿವಾರ ಮಧ್ಯಾಹ್ನಗಳ ಕೆಲಸ. ತಮ್ಮ ಊರಿನ ಶಾಲೆಯಲ್ಲಿ ಇಂಥದ್ದನ್ನು ಮಾಡಲು ಹೊರಡುವವರಿಗೆ ಒದಗಲಿ ಎಂದು ಬರೆದಿಡುತ್ತಿದ್ದೇನೆ.

ಬೇಡಿಕೆ ಬಂದದ್ದು ಸಮಾಜ ವಿಜ್ಞಾನದ ಮೇಡಂ ಅವರಿಂದ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಎಂದು ಗುಂಪಿಗೊಂದು ವರದಿ ಬರೆಸುತ್ತಾರಲ್ಲ, ಅದರ ಹಣೆಬರಹ ಎಲ್ಲರಿಗೂ ಗೊತ್ತು. ಅಕ್ಷರ ದುಂಡಗಿರುವ ಹುಡುಗಿಯೊಬ್ಬಳು ಎಲ್ಲವನ್ನೂ ಬರೆಯುತ್ತಾಳೆ, ಒಬ್ಬ ಸ್ಕೆಚ್ ಪೆನ್ನಿನಲ್ಲಿ ಅಂಚು ಎಳೆಯುತ್ತಾನೆ, ಉಳಿದವರು ಕೊನೆಯ ಪುಟದಲ್ಲಿ ಹೆಸರು ಹಾಕುತ್ತಾರೆ. ಅಂಕ ಮಾತ್ರ ಎಲ್ಲರಿಗೂ ಸಮ. "ನಾಲ್ಕೂ ಜನರ ಕೈ ಕಾಣುವ ಹಾಗೆ ಏನಾದರೂ ಮಾಡಿಕೊಡಿ ಸರ್. ಸ್ಮಾರ್ಟ್ ಬೋರ್ಡ್ ಬೇಡ, ಅದರಲ್ಲಿ ಬರೆಯುವವಳು ಮತ್ತೆ ನಾನೇ" ಎಂದರು.

ಆ ಮಾತಿನಲ್ಲಿ ಹುರುಳಿದೆ. ಶಾಲೆಗಳಿಗೆ ಈವರೆಗೆ ಬಂದ ತಂತ್ರಜ್ಞಾನಗಳನ್ನು ಸಾಲಾಗಿ ನೋಡಿ. ಆಕಾಶವಾಣಿಯ ಪಾಠಗಳು ಬಂದವು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣದ ಉಪಗ್ರಹ ಎಜುಸ್ಯಾಟ್ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಇಳಿಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನದಲ್ಲಿ ಸಂವೇದ ಪಾಠಗಳು ಬಂದವು. ಇವುಗಳಿಂದ ಉಪಕಾರವಾಗಿಲ್ಲ ಎನ್ನುವವನು ನಾನಲ್ಲ. ಆದರೆ ಎಲ್ಲದರಲ್ಲೂ ಹೇಳುವ ಬಾಯಿ ಒಂದು, ಕೇಳುವ ಕಿವಿ ಸಾವಿರ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಕ್ಕಳೂ ಬರೆಯಬಹುದು ನಿಜ. ಅಲ್ಲಿ ಸಂದೇಶದ ಕೆಳಗೆ ಸಂದೇಶ ಬೀಳುತ್ತ ಹೋಗುತ್ತದೆಯೇ ಹೊರತು ಎಲ್ಲರೂ ತಿದ್ದಿ ಬೆಳೆಸುವ ಒಂದು ಬರಹ ಆಗುವುದಿಲ್ಲ. ಜೊತೆಗೆ ಫೋನು ಅಪ್ಪನದು, ಅಪ್ಪ ಆಟೋ ನಿಲ್ಲಿಸಿ ಮನೆಗೆ ಬರುವುದು ರಾತ್ರಿ.

ಶಿಕ್ಷಕರ ಮಟ್ಟದಲ್ಲಿ ಕೂಡಿ ಬರೆಯುವುದು ನಮ್ಮಲ್ಲಿ ಆಗಲೇ ನಡೆದಿದೆ. ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಕೆಲಸದಿಂದ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಪಾಠ ಸಾಮಗ್ರಿ ಸೇರಿಸಿದ್ದಾರೆ. ಮಕ್ಕಳಿಗೆ ಅದೇ ಅವಕಾಶ ಲ್ಯಾಬಿನೊಳಗೇ ಸಿಗಬೇಕು ಎಂಬುದು ಮೇಡಂ ಅವರ ಲೆಕ್ಕಾಚಾರ. ಮುಖ್ಯ ಶಿಕ್ಷಕರು ಒಂದೇ ಷರತ್ತು ಹಾಕಿದರು: ಮಕ್ಕಳ ಹೆಸರು, ಬರಹ ಶಾಲೆಯ ಗೇಟು ದಾಟಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಮೋಡದಲ್ಲಿರುವ, ಅಂದರೆ ಇಂಟರ್ನೆಟ್ಟಿನಲ್ಲಿ ಬೇರೆಯವರು ನಡೆಸುವ ಸೇವೆಗೆ ಮಕ್ಕಳ ಹೆಸರಿನಲ್ಲಿ ಖಾತೆ ತೆರೆದರೆ ಆ ಕಾಗದಪತ್ರವೇ ಒಂದು ಕೆಲಸ. ಹೀಗಾಗಿ ಪುಟವನ್ನು ಇಟ್ಟುಕೊಂಡು ಉಳಿದ ಯಂತ್ರಗಳಿಗೆ ಕೊಡುವ ಸರ್ವರ್ ಲ್ಯಾಬಿನ ಮೂಲೆಯಲ್ಲೇ ಇರುವುದೆಂದು ತೀರ್ಮಾನವಾಯಿತು.

ಮೊದಲು ಅರ್ಥಿಂಗ್

ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿ "ಪಾದರಕ್ಷೆ ಹೊರಗೆ ಬಿಡಿ" ಎಂಬ ಫಲಕವಿತ್ತು. ಧೂಳು ಬಾರದಿರಲಿ ಎಂದು ಯಾರೋ ಮಾಡಿದ ನಿಯಮ. ಬರಿಗಾಲಿನಲ್ಲಿ ಒಳಗೆ ಹೋಗಿ ಕ್ಯಾಬಿನೆಟ್ಟಿನ ಹಿಂಭಾಗದ ಬಣ್ಣ ಹೋದ ತಗಡು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. "ಆ ಮೂರನೆಯದು ಕಚ್ಚುತ್ತದೆ ಸರ್" ಎಂದು ಎಂಟನೇ ತರಗತಿಯ ಹುಡುಗ ಬಾಗಿಲಲ್ಲೇ ಎಚ್ಚರಿಸಿದ. ಮೀಟರ್ ಇಟ್ಟು ನೋಡಿದರೆ ತಗಡಿಗೂ ಕಿಟಕಿಯ ಸರಳಿಗೂ ನಡುವೆ ನೂರು ವೋಲ್ಟ್ ದಾಟಿತ್ತು.

ಇದು ಯಂತ್ರದ ದೋಷವಲ್ಲ. ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಎರಡು ಪುಟ್ಟ ಕೆಪ್ಯಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥ್ ವೈರು ಸರಿಯಿದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ನೆಲ ಸೇರುತ್ತದೆ. ಅರ್ಥ್ ಇಲ್ಲದಿದ್ದರೆ ತಗಡು 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಒಂದು ಯಂತ್ರದ ಸೋರಿಕೆ ಜುಮ್ಮೆನ್ನಿಸುವಷ್ಟೇ. ಒಂದೇ ಸ್ಪೈಕ್ ಬೋರ್ಡಿನಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಸಾಲಾಗಿ ಸಿಕ್ಕಿಸಿದಾಗ ಎಲ್ಲದರ ಸೋರಿಕೆ ಕೂಡಿಕೊಳ್ಳುತ್ತದೆ. ಮಕ್ಕಳ ಕಾಲು ಬರಿಗಾಲು, ನೆಲ ಆಗಷ್ಟೇ ಒರೆಸಿದ ಮೊಸಾಯಿಕ್.

ಕಟ್ಟಡದ ಹಿಂದೆ ಹೋಗಿ ನೋಡಿದರೆ ಅರ್ಥ್ ಗುಂಡಿಯ ಮೇಲೆ ತುಳಸಿ ಕುಂಡ. ಕುಂಡ ಸರಿಸಿದಾಗ ಜಿಐ ಪೈಪಿನ ಕ್ಲಾಂಪು ತುಕ್ಕು ಹಿಡಿದು ಪುಡಿಯಾಗಿತ್ತು, ವೈರು ಗಾಳಿಯಲ್ಲಿ ನೇತಾಡುತ್ತಿತ್ತು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಗುಂಡಿ ಅಗೆಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿ, ಹೊಸ ಕ್ಲಾಂಪು ಹಾಕಿಸಿ, ಲ್ಯಾಬಿನ ಸ್ವಿಚ್ ಪೆಟ್ಟಿಗೆಯಲ್ಲಿ (ಡಿಬಿ) ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸಿದೆವು. ಹಣ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕೊಟ್ಟಿತು. ಇಡೀ ಯೋಜನೆಯಲ್ಲಿ ಯಾರಿಗೂ ಕಾಣದ, ಯಾರೂ ಫೋಟೋ ತೆಗೆಯದ ಖರ್ಚು ಇದು. ಇದನ್ನು ಬಿಟ್ಟು ಮುಂದಿನದನ್ನು ಮಾಡುವವರ ಜೊತೆ ನನಗೆ ಜಗಳವಿದೆ.

ಯಂತ್ರಗಳು

ಹಳೆಯ ಯೋಜನೆಯೊಂದರಲ್ಲಿ ಬಂದ ಹದಿನಾಲ್ಕು ಡೆಸ್ಕ್‌ಟಾಪ್‌ಗಳು, ಮೇಲೆ ವಾರ್ಷಿಕೋತ್ಸವದ ಫ್ಲೆಕ್ಸ್ ಹೊದಿಕೆ. ಎರಡು ಕೋರಿನ ಪ್ರೊಸೆಸರ್, 2 ಜಿಬಿ ರ‍್ಯಾಮ್. ಇಂಥವನ್ನು ಗುಜರಿಗೆ ಹಾಕಿ ಹೊಸದು ತರಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಚೆಕ್ ಬರೆಯುವವರು ಇಲ್ಲ.

ರಿಪೇರಿ ಬಹುಪಾಲು ಸಣ್ಣದೇ. ರ‍್ಯಾಮ್ ಪಟ್ಟಿ ಕಳಚಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಾಗ ಮೂರು ಯಂತ್ರ ಎದ್ದವು. ಎಲ್ಲದರ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ಸಿಆರ್2032 ಹೊಸದು ಹಾಕದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಎಫ್1 ಒತ್ತು ಎಂದು ಕೇಳುತ್ತದೆ, ತಾರೀಕು ಹಿಂದಕ್ಕೆ ಓಡಿಹೋಗುತ್ತದೆ. ಎರಡು ಎಸ್‌ಎಂಪಿಎಸ್‌ಗಳಲ್ಲಿ ಕೆಪ್ಯಾಸಿಟರ್‌ಗಳ ತಲೆ ಉಬ್ಬಿತ್ತು, ಅವನ್ನು ಪೂರ್ತಿ ಬದಲಾಯಿಸಿದೆ. ಎಸ್‌ಎಂಪಿಎಸ್ ಬಿಚ್ಚಿ ಬೆಸುಗೆ ಹಾಕುವ ಶೋಕಿ ಶಾಲೆಯ ಯಂತ್ರಗಳ ಮೇಲೆ ಬೇಡ. ಒಂದರ ಫ್ಯಾನಿನಲ್ಲಿ ಕಣಜದ ಗೂಡು. ಹನ್ನೆರಡು ಬದುಕಿದವು, ಎರಡನ್ನು ಬಿಡಿಭಾಗಕ್ಕೆ ಇಟ್ಟುಕೊಂಡೆವು.

ಹಳೆಯ ಹಾರ್ಡ್ ಡಿಸ್ಕ್ ತೆಗೆದು 120 ಜಿಬಿಯ ಎಸ್‌ಎಸ್‌ಡಿ ಹಾಕಿ ಲುಬುಂಟು ಎಂಬ ಹಗುರ ಲಿನಕ್ಸ್ ಅನುಸ್ಥಾಪಿಸಿದ ಮೇಲೆ ಅದೇ ಯಂತ್ರ ಹೊಸ ಹುರುಪಿನಲ್ಲಿ ಓಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಎರಡು ಮೂರು ಟ್ಯಾಬ್ ತೆರೆದರೆ 2 ಜಿಬಿ ಸಾಕಾಗುತ್ತದೆ, ಹತ್ತು ತೆರೆದರೆ ಕುಸಿಯುತ್ತದೆ.

ಕೇಬಲ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಗೆ ಹೋದರೆ ಕ್ಯಾಟ್ 6 ಎಂದು ಬರೆದ ಕೇಬಲ್ ಸುರುಳಿ ಎರಡು ಬೆಲೆಗೆ ಸಿಗುತ್ತದೆ. ಅಗ್ಗದ್ದನ್ನು ಕೈಯಲ್ಲಿ ಎತ್ತಿ ನೋಡಿದರೇ ಗೊತ್ತಾಗುತ್ತದೆ, ಹಗುರ. ಒಂದು ಎಳೆಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಕೆರೆಯಿರಿ: ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಂಥದ್ದು ಕ್ರಿಂಪ್ ಮಾಡುವಾಗ (ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ) ಚೆನ್ನಾಗಿಯೇ ಕೂರುತ್ತದೆ, ಎರಡು ಬಾರಿ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಅಂಗಡಿಯವರೆದುರೇ ಕೆರೆದು ನೋಡಿ ತೆಗೆದುಕೊಂಡೆ; ಅವರು ಬೇಸರಿಸಲಿಲ್ಲ, "ಕೆರೆದು ನೋಡುವವರಿಗೆ ಬೇರೆ ಸುರುಳಿ ಇದೆ ಅಣ್ಣ" ಎಂದು ಒಳಗಿನಿಂದ ತಂದರು.

ಮಕ್ಕಳ ಯಂತ್ರಗಳಿಗೆ ವೈಫೈ ಬಿಟ್ಟು ತಂತಿಯನ್ನೇ ಆರಿಸಲು ಕಾರಣ ಸುತ್ತಲಿನ ಮನೆಗಳು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಲ್ಯಾಬಿನ ಕಿಟಕಿಯಲ್ಲಿ ನಿಂತು ನೋಡಿದರೆ ಮೂರರಲ್ಲೂ ಜಾತ್ರೆ. ಹದಿನಾರು ಕಿಂಡಿಯ ಒಂದು ಗಿಗಾಬಿಟ್ ಸ್ವಿಚ್, ಅಲ್ಲಿಂದ ಪ್ರತಿ ಯಂತ್ರಕ್ಕೂ ಒಂದೊಂದು ತಂತಿ, ಇಲಿಯ ಹಲ್ಲಿಗೆ ಸಿಗದಂತೆ ಪಿವಿಸಿ ಪಟ್ಟಿಯೊಳಗೆ.

ಕ್ರಿಂಪ್ ಕೆಲಸದಲ್ಲಿ ಒಂಬತ್ತನೇ ತರಗತಿಯವರು ಕೈ ಜೋಡಿಸಿದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ಇಬ್ಬರು ಹುಡುಗಿಯರು ಮಗ್ಗಿಯ ರಾಗದಲ್ಲಿ ಬಾಯಿಪಾಠ ಮಾಡಿಕೊಂಡು ನನಗಿಂತ ಬೇಗ ಬೆರಳಲ್ಲಿ ಜೋಡಿಸತೊಡಗಿದರು. ಟೆಸ್ಟರ್‌ನಲ್ಲಿ ಎಂಟು ದೀಪ ಸಾಲಾಗಿ ಹತ್ತಿದಾಗಲೇ ಎದ್ದು ಹೋಗುವುದು ಎಂಬ ನಿಯಮವನ್ನೂ ಅವರೇ ಮಾಡಿಕೊಂಡರು.

ಪೈ, ಅದರ ಕರೆಂಟು, ಅದರ ಗಡಿಯಾರ

ಸರ್ವರ್ ಆಗಿ 4 ಜಿಬಿಯ ರಾಸ್ಪ್‌ಬೆರಿ ಪೈ 4, ಒಂದೇ ಹಲಗೆಯ ಪುಟ್ಟ ಕಂಪ್ಯೂಟರ್. ಉಳಿದ ಡೆಸ್ಕ್‌ಟಾಪ್‌ಗಳಲ್ಲಿ ಒಂದನ್ನೇ ಸರ್ವರ್ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಮಾಡಬಹುದಿತ್ತು, ಆದರೆ ಕರೆಂಟು ಹೋದಾಗ ಅದನ್ನು ಎತ್ತಿ ಹಿಡಿಯಲು ದೊಡ್ಡ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಬೇಕು, ಆ ಹಣವನ್ನು ಯಾವ ಲೆಕ್ಕದಲ್ಲಿ ತೋರಿಸುವುದು ಎಂದು ಮುಖ್ಯ ಶಿಕ್ಷಕರು ತಲೆ ಕೆರೆದುಕೊಳ್ಳಬೇಕು. ಪೈಗೆ ಬೇಕಾದದ್ದು 5 ವೋಲ್ಟ್, ಹೆಚ್ಚೆಂದರೆ 3 ಆಂಪಿಯರ್. ಮನೆಗಳಲ್ಲಿ ವೈಫೈ ರೂಟರಿಗೆ ಹಾಕುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಾಕು.

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿಸಿಕೊಂಡ ಊರು ಇದು. ಮಧ್ಯಾಹ್ನದ ಕೊನೆಯ ಪಿರಿಯಡ್‌ನಲ್ಲಿ ಕರೆಂಟು ಇರುತ್ತದೆ ಎಂದು ನಂಬಿ ಮಾತ್ರ ಏನನ್ನೂ ಕಟ್ಟಬೇಡಿ.

12 ವೋಲ್ಟನ್ನು 5ಕ್ಕೆ ಇಳಿಸಲು ಎಸ್‌ಪಿ ರಸ್ತೆಯಲ್ಲಿ ಕೈಗೆ ಸಿಗುವ ನೀಲಿ ಬಣ್ಣದ ಎಲ್‌ಎಂ2596 ಹಲಗೆ 3 ಆಂಪಿಯರ್ ಎಂದು ಹೇಳಿಕೊಂಡರೂ ಅಷ್ಟು ಹೊತ್ತುಕೊಂಡರೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. 5 ಆಂಪಿಯರಿನ ಎಕ್ಸ್‌ಎಲ್4015 ಹಾಕಿದೆ. ಪೈಗೆ ಸಿಕ್ಕಿಸುವ ಮೊದಲೇ ಮೀಟರ್ ಇಟ್ಟು, ಪುಟ್ಟ ಹಿತ್ತಾಳೆ ಸ್ಕ್ರೂ ತಿರುಗಿಸಿ 5.1 ವೋಲ್ಟಿಗೆ ನಿಲ್ಲಿಸಿ, ಸ್ಕ್ರೂ ತಲೆಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿದೆ, ಯಾರ ಕೈಯೂ ತಿರುಗಿಸದಿರಲಿ ಎಂದು. ತಂತಿ ದಪ್ಪವಿರಬೇಕು, ಗಿಡ್ಡವಿರಬೇಕು. ಒಳಬರುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪೈ ಎಚ್ಚರಿಕೆ ಕೊಟ್ಟು ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಲ್ಯಾಬಿನ ಮಕ್ಕಳೆಲ್ಲ ಒಟ್ಟಿಗೆ "ಸರ್, ನಿಂತುಹೋಯಿತು" ಎನ್ನುತ್ತಾರೆ.

ಮೆಮೊರಿ ಕಾರ್ಡಿನ ಮೇಲೆ ಮಕ್ಕಳ ಬರಹ ಇಡಲಿಲ್ಲ. ಬರೆಯುತ್ತಿರುವಾಗಲೇ ಕರೆಂಟು ಕಡಿದರೆ ಅವು ಕೆಡುತ್ತವೆ, ಕೆಟ್ಟದ್ದು ತಕ್ಷಣ ತಿಳಿಯುವುದೂ ಇಲ್ಲ. ಯುಎಸ್‌ಬಿಗೆ ಜೋಡಿಸಿದ ಎಸ್‌ಎಸ್‌ಡಿಯಿಂದಲೇ ಪೈ ಎದ್ದೇಳುವಂತೆ ಮಾಡಿದೆ.

ಇನ್ನು ಗಡಿಯಾರ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಇಂಟರ್ನೆಟ್ ಇದ್ದರೆ ಅಲ್ಲಿಂದ ಸಮಯ ಕೇಳಿಕೊಳ್ಳುತ್ತದೆ. ಇಲ್ಲದಿದ್ದರೆ ಹಿಂದಿನ ಸಲ ಮಲಗಿದ ಹೊತ್ತಿನಿಂದಲೇ ಎಣಿಕೆ ಮುಂದುವರಿಸುತ್ತದೆ. ಸೋಮವಾರ ಬರೆದ ಪುಟದ ಮೇಲೆ ಶುಕ್ರವಾರದ ತಾರೀಕು ಬಿದ್ದದ್ದನ್ನು ಮೊದಲು ಗಮನಿಸಿದವರು ಮೇಡಂ. ಅಂಕದ ಲೆಕ್ಕಕ್ಕೆ ಬರುವ ಪುಟದಲ್ಲಿ ತಾರೀಕು ತಪ್ಪಿದರೆ ಆ ಪುಟವೇ ದಂಡ. ಡಿಎಸ್3231 ಚಿಪ್ ಇರುವ ಚಿಕ್ಕ ಗಡಿಯಾರದ ಹಲಗೆ ತಂದು 3.3 ವೋಲ್ಟ್, ಗ್ರೌಂಡ್ ಮತ್ತು ಐ2ಸಿಯ ಎರಡು ಪಿನ್‌ಗಳಿಗೆ ಜೋಡಿಸಿದೆ. ಇದರ ನಿಖರತೆ ಹತ್ತು ಲಕ್ಷಕ್ಕೆ 2 ಭಾಗ, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷದ ವ್ಯತ್ಯಾಸ. ಒಂದು ಎಚ್ಚರಿಕೆ: ಈ ಹಲಗೆಯ ಒಂದು ಬಗೆಯಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಸರ್ಕಿಟ್ ಇರುತ್ತದೆ, ಸಿಆರ್2032 ಚಾರ್ಜ್ ಆಗುವ ಸೆಲ್ ಅಲ್ಲ. ಅಲ್ಲಿರುವ 200 ಓಮ್‌ನ ರೆಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆದುಬಿಡಿ. ಈಗ ಹನ್ನೆರಡು ಯಂತ್ರಗಳೂ ಪೈಯನ್ನೇ ಕೇಳಿ ಸಮಯ ಹೊಂದಿಸಿಕೊಳ್ಳುತ್ತವೆ.

ಪುಟ

ದೂರದಲ್ಲಿರುವ ಇಬ್ಬರು ಒಂದೇ ತೆರೆಯ ಮೇಲೆ ಕೆಲಸ ಮಾಡುವುದನ್ನು ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಶಾಲೆಯ ಮಕ್ಕಳು ಒಂದು ಸಾಮಾನ್ಯ ಭಂಡಾರಕ್ಕೆ ತಮ್ಮ ಟಿಪ್ಪಣಿ ಸೇರಿಸಿ, ಒಬ್ಬರದರ ಮೇಲೆ ಇನ್ನೊಬ್ಬರು ಕಟ್ಟುವ ಪದ್ಧತಿಯನ್ನು ಶಿಕ್ಷಣ ಸಂಶೋಧಕರಾದ ಮಾರ್ಲೀನ್ ಸ್ಕಾರ್ಡಮೇಲಿಯ ಮತ್ತು ಕಾರ್ಲ್ ಬೆರೈಟರ್ ಕೆನಡಾದಲ್ಲಿ 1980ರ ದಶಕದಲ್ಲೇ ರೂಪಿಸಿದ್ದರು. ಆದ್ದರಿಂದ "ಹೊಸ ತಂತ್ರಜ್ಞಾನ" ಎಂದು ಯಾರಾದರೂ ಎದೆಯುಬ್ಬಿಸಿದರೆ ನನಗೆ ನಗು ಬರುತ್ತದೆ. ಹೊಸದೆಂದರೆ ಇಷ್ಟೇ, ಈಗ ಅದು ಅಂಗೈಯಗಲದ ಹಲಗೆಯ ಮೇಲೆ ಓಡುತ್ತದೆ.

ನಾವು ಹಾಕಿದ್ದು ಈಥರ್‌ಪ್ಯಾಡ್. ಹಲವರು ಒಂದೇ ಪುಟದಲ್ಲಿ ಕೂಡಿ ಬರೆಯಲು 2008ರಲ್ಲಿ ಬಂದ ತಂತ್ರಾಂಶ. 2009ರಲ್ಲಿ ಗೂಗಲ್ ಅದರ ಕಂಪನಿಯನ್ನು ಕೊಂಡಾಗ ಮೂಲಸಂಕೇತ ಮುಕ್ತವಾಯಿತು, ಆಮೇಲೆ ಬೇರೆಯವರು ಅದನ್ನು ಹಗುರಗೊಳಿಸಿ ಹೊಸದಾಗಿ ಬರೆದರು. ಪ್ರತಿ ಮಗುವಿನ ಬರಹದ ಹಿಂದೆ ಒಂದು ಬಣ್ಣ ಹರಡುತ್ತದೆ. ಇಬ್ಬರು ಒಂದೇ ಸಾಲಿನಲ್ಲಿ ಒಟ್ಟಿಗೆ ಬರೆದರೆ ಆ ಬದಲಾವಣೆಗಳು ಸರ್ವರಿಗೆ ಬಂದ ಕ್ರಮದಲ್ಲಿ ಜೋಡಣೆಯಾಗುತ್ತವೆ. ನಾನು ಐದನೇ ಅಕ್ಷರದ ಬಳಿ ಒಂದು ಪದ ತುರುಕಿದರೆ ಹತ್ತನೆಯದರ ಬಳಿ ನೀವು ಮಾಡುತ್ತಿರುವ ತಿದ್ದುಪಡಿ ಅಷ್ಟು ದೂರ ತಾನಾಗಿ ಮುಂದೆ ಸರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಪಟ್ಟಿ. ಕೆಳಗಿನ ಗುಂಡಿ ಎಳೆದರೆ ಪುಟ ಖಾಲಿಯಿದ್ದ ಕ್ಷಣದಿಂದ ಹೇಗೆ ಬೆಳೆಯಿತೆಂದು ಓಡಿಸಿ ನೋಡಬಹುದು.

ಅನುಸ್ಥಾಪಿಸುವವರಿಗೆ ಒಂದೇ ಮಾತು. ಅದರ ಜೊತೆಗೇ ಬರುವ ಸರಳ ಕಡತದ ಭಂಡಾರ ಪ್ರಯೋಗಕ್ಕೆ ಮಾತ್ರ, ಅದನ್ನು ನೆಚ್ಚಬೇಡಿ. ಮರಿಯಾಡಿಬಿ ಎಂಬ ದತ್ತಸಂಚಯಕ್ಕೆ ಜೋಡಿಸಿ. ಪಕ್ಕದಲ್ಲೇ ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಟ್ಟಿದ್ದೇವೆ, ಆಕರಕ್ಕೆ. ಶಿಕ್ಷಕರ ಫೋನಿಗೆಂದು ಒಂದು ವೈಫೈ ಪೆಟ್ಟಿಗೆಯೂ ಇದೆ. ಇಂಟರ್ನೆಟ್ ಇಲ್ಲದ ವೈಫೈಯನ್ನು ಆಂಡ್ರಾಯ್ಡ್ ಫೋನು ಅನುಮಾನದಿಂದ ನೋಡಿ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತದೆ, ಡೇಟಾ ಆರಿಸಿದರೆ ತೆಪ್ಪಗಿರುತ್ತದೆ.

ಕೀಲಿಮಣೆ

ತಂತಿ, ಪೈ, ತಂತ್ರಾಂಶ ಎಲ್ಲ ಸೇರಿ ತಿಂದ ಸಮಯಕ್ಕಿಂತ ಹೆಚ್ಚನ್ನು ಇದು ತಿಂದಿತು. ಸರ್ಕಾರಿ ಕಚೇರಿಗಳಲ್ಲಿ ರೂಢಿಯಲ್ಲಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ, ನುಡಿ ತಂತ್ರಾಂಶದಲ್ಲಿರುವಂಥದ್ದು. 1991ರ ಭಾರತೀಯ ಮಾನಕದಲ್ಲಿರುವುದು ಇನ್‌ಸ್ಕ್ರಿಪ್ಟ್. ಮಕ್ಕಳು ಅಪ್ಪನ ಫೋನಿನಲ್ಲಿ ಕಲಿತಿರುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವುದು. ಮೂರರಲ್ಲಿ ಯಾವುದು ಎಂಬ ಚರ್ಚೆ ಶಿಕ್ಷಕರ ಕೊಠಡಿಯಲ್ಲಿ ಚಹಾ ಆರುವವರೆಗೂ ನಡೆಯಿತು. ಕೊನೆಗೆ ಶಾಲೆಯ ಎಫ್‌ಡಿಎ (ಕಚೇರಿಯ ಪ್ರಥಮ ದರ್ಜೆ ಸಹಾಯಕ) ಅವರ ಮಾತು ಗೆದ್ದಿತು: "ಮಕ್ಕಳಿಗೆ ಕಷ್ಟ ಬಂದರೆ ಹೇಳಿಕೊಡಲು ಇಲ್ಲಿರುವವನು ನಾನೊಬ್ಬನೇ, ನನಗೆ ಬರುವುದು ನುಡಿ." ಲುಬುಂಟುವಿನಲ್ಲಿ ಐಬಸ್ ಎಂಬ ಕೀಲಿಮಣೆ ತಂತ್ರಾಂಶದ ಮೂಲಕ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಸಿಗುತ್ತದೆ. ಫಾಂಟಿಗೆ ಗುಬ್ಬಿ, ನವಿಲು; ಎರಡೂ ಉಚಿತ, ಎರಡೂ ಕಣ್ಣಿಗೆ ಹಿತ.

ಈ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ಅಕ್ಕ ಎಂದು ಬರೆಯಲು ಎ, ಕೆ, ಎಫ್, ಕೆ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ಇವೆರಡನ್ನು ಮಕ್ಕಳು ಮೊದಮೊದಲು ಶಪಿಸುತ್ತಾರೆ. ಎಫ್ ಕೀಲಿಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ ಒತ್ತು ಎಂದು ಬರೆದೆವು, ಅರ್ಧ ಗಲಾಟೆ ಅಲ್ಲಿಗೆ ಮುಗಿಯಿತು.

ಉಳಿದರ್ಧ ಅಳಿಸುವುದರಲ್ಲಿತ್ತು. ಸ್ತ್ರೀ ಎಂಬುದು ಕಣ್ಣಿಗೆ ಒಂದು ಅಕ್ಷರ, ಯಂತ್ರದೊಳಗೆ ಆರು ಸಂಕೇತ: ಸ, ವಿರಾಮ (ಅಕ್ಷರದ ಅ ಸ್ವರವನ್ನು ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಇಡಿಯಾಗಿ ಹೋಗುವುದಿಲ್ಲ, ಕೊನೆಯಿಂದ ಒಂದೊಂದೇ ಪದರ ಕಳಚುತ್ತದೆ: ಸ್ತ್ರ, ಸ್ತ್, ಸ್ತ, ಸ್, ಸ. ಅದೇ ಸಾಲಿನಲ್ಲಿ ಇನ್ನೊಬ್ಬಳು ಬರೆಯುತ್ತಿರುವಾಗ ಹೀಗೆ ಅರೆಬರೆ ಕಳಚಿ ಬಿಟ್ಟುಹೋದರೆ, ಕಡೆಯಲ್ಲಿ ಉಳಿದ ಒಂಟಿ ವಿರಾಮ ಅವಳ ಹೊಸ ಅಕ್ಷರಕ್ಕೆ ಅಂಟಿಕೊಂಡು ಬೇಡದ ಒತ್ತಾಗುತ್ತದೆ. "ನಾನು ಬರೆದದ್ದು ಮ ಸರ್, ಅದು ಕೆಳಗೆ ಹೋಗಿ ಕುಳಿತಿದೆ" ಎಂದು ಒಬ್ಬಳು ತೋರಿಸಿದಾಗ ನಾನೂ ಒಂದು ಕ್ಷಣ ಕಣ್ಣು ಕಿರಿದು ಮಾಡಿದೆ. ಪದ ತಪ್ಪಾದರೆ ಆ ಪದವನ್ನೇ ಪೂರ್ತಿ ಆಯ್ದು ಅಳಿಸಿ ಹೊಸದಾಗಿ ಬರೆಯಿರಿ ಎಂಬುದು ಈಗ ಲ್ಯಾಬಿನ ನಿಯಮ.

ಮೇಡಂ ಅವರ ಹಳೆಯ ಪ್ರಶ್ನೆಕೋಶಗಳು ಫಾಂಟಿಗೆ ಕಟ್ಟಿಹಾಕಿದ ಹಿಂದಿನ ಸಂಕೇತ ಪದ್ಧತಿಯಲ್ಲಿದ್ದವು. ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಅರ್ಕಾವತ್ತು ಜಾಗ ತಪ್ಪಿದ ಕಡೆ ಕೈಯಿಂದ ತಿದ್ದಬೇಕಾಯಿತು.

ತರಗತಿ

ಮೊದಲ ವಿಷಯ "ಕೆರೆ ಇದ್ದ ಜಾಗ". ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಗುಂಪಿಗೊಂದು ಕೆರೆ, ಗುಂಪಿಗೊಂದು ಪುಟ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಯಂತ್ರ ಆನ್ ಆಗಿ ಮಕ್ಕಳು ಕೂರುವುದಕ್ಕೇ ಹತ್ತು ಹೋಗುತ್ತದೆ, ಆದ್ದರಿಂದ ವೇಳಾಪಟ್ಟಿಯಲ್ಲಿ ಎರಡು ಪಿರಿಯಡ್ ಜೋಡಿಸಿಕೊಟ್ಟರು. ಈಥರ್‌ಪ್ಯಾಡ್ ಹೆಸರು ಕೇಳುತ್ತದೆ, ಗುರುತು ಕೇಳುವುದಿಲ್ಲ. ಹುಡುಗರೆಲ್ಲ ಸಿನಿಮಾ ನಟರಾಗಿ ಒಳಗೆ ಬಂದರು. ಹೆಸರಿನ ಜೊತೆ ಹಾಜರಿ ಸಂಖ್ಯೆ ಇಲ್ಲದಿದ್ದರೆ ಅಂಕವಿಲ್ಲ ಎಂದಾಗ ನಟರು ಮಾಯವಾದರು.

ನಾನು ಅಂದುಕೊಂಡದ್ದು, ನಾಲ್ಕು ಕೀಲಿಮಣೆ ಕೊಟ್ಟರೆ ನಾಲ್ವರೂ ಬರೆಯುತ್ತಾರೆ ಎಂದು. ಒಂದು ಗುಂಪಿನ ಪುಟ ತುಂಬ ಬಹುತೇಕ ಒಂದೇ ಗುಲಾಬಿ ಬಣ್ಣ. ಅದು ಅದೇ ದುಂಡು ಅಕ್ಷರದ ಹುಡುಗಿಯದು. ಅವಳ ಬೆರಳೂ ಚುರುಕು. ಇನ್ನೊಂದರಲ್ಲಿ ಒಂದು ಪ್ಯಾರಾ ಹಸಿರಿನಲ್ಲಿ ಥಟ್ಟನೆ ಇಡಿಯಾಗಿ ಬಿದ್ದಿತ್ತು. ಕಾಲಪಟ್ಟಿ ಓಡಿಸಿದಾಗ ಬೆರಳಿನಿಂದ ಬರೆದದ್ದು ಅಕ್ಷರ ಅಕ್ಷರವಾಗಿ ಬೆಳೆಯುತ್ತದೆ, ಕಿವಿಕ್ಸ್‌ನಿಂದ ಎತ್ತಿ ಅಂಟಿಸಿದ್ದು ಒಂದೇ ಏಟಿಗೆ ಕೆಡವಿದ ಇಟ್ಟಿಗೆಯ ಲೋಡಿನಂತೆ ಬೀಳುತ್ತದೆ. ಮೇಡಂ ಏನನ್ನೂ ಬೈಯದೆ ಆ ಭಾಗವನ್ನು ಪ್ರೊಜೆಕ್ಟರ್‌ನಲ್ಲಿ ಎರಡು ಸಲ ಓಡಿಸಿದರು. ಹುಡುಗ ತಾನಾಗಿ ಎದ್ದುಹೋಗಿ ಅಳಿಸಿದ.

ಗುಲಾಬಿ ಬಣ್ಣಕ್ಕೆ ಮದ್ದು ತಂತ್ರಾಂಶದಲ್ಲಿ ಇರಲಿಲ್ಲ. ಯಾರು ಎಷ್ಟು ಬರೆದರು ಎಂದು ತೋರಿಸುವುದಷ್ಟೇ ಅದರ ಕೈಲಾಗುವುದು. ಮೇಡಂ ಕೆಲಸವನ್ನೇ ಬದಲಿಸಿದರು. ಗುಂಪಿನ ಒಬ್ಬರು ಮನೆಯ ಅಥವಾ ಓಣಿಯ ಹಿರಿಯರನ್ನು ಮಾತಾಡಿಸಿ ಬರಬೇಕು, ಒಬ್ಬರು ಕಿವಿಕ್ಸ್ ಓದಬೇಕು, ಒಬ್ಬರು ಹಳೆಯ ಮತ್ತು ಇಂದಿನ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಒಬ್ಬರು ಮೂವರ ಬರಹದ ನಡುವೆ ಹೊಂದದ್ದನ್ನು ಹುಡುಕಿ ಪ್ರಶ್ನೆ ಹಾಕಬೇಕು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಹಾಗಾಗಿ ಒಬ್ಬಳೇ ಎಲ್ಲ ಬರೆಯುವುದು ಸಾಧ್ಯವಿಲ್ಲ. ಇದು ಜಿಗ್‌ಸಾ ಪದ್ಧತಿ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಆರಂಭಿಸಿದ್ದು, ಆಗ ಕಂಪ್ಯೂಟರ್ ಪ್ರಶ್ನೆಯೇ ಇರಲಿಲ್ಲ. ಮೇಡಂ ಇದನ್ನು ಬಿಎಡ್‌ನಲ್ಲಿ ಓದಿದ್ದರಂತೆ, ಬಳಸುವ ಸಂದರ್ಭ ಈಗ ಬಂತು. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿಯಲ್ಲಿ ಗುಂಪಿನ ತಟ್ಟೆಗಳ ಸುತ್ತ ಕುಳಿತು ಕಲಿತಿದ್ದ ಇದೇ ಮಕ್ಕಳು ನಾಲ್ಕನೇ ತರಗತಿಯಿಂದ ಈಚೆಗೆ ಸಾಲಿನಲ್ಲೇ ಕುಳಿತವರು. ಗುಂಪು ಎಂದರೇನೆಂದು ಅವರಿಗೆ ಮೊದಲಿನಿಂದ ಹೇಳಿಕೊಡಬೇಕಾಗಲಿಲ್ಲ, ನೆನಪಿಸಿದರೆ ಸಾಕಾಯಿತು.

ಜಗಳಗಳೂ ಆದವು. ಸಂಪಂಗಿ ಕೆರೆಯ ಗುಂಪಿನಲ್ಲಿ ಒಬ್ಬಳು ಅಜ್ಜಿಯ ಬಾಯಿಂದ ಕರಗದ ವಿಷಯ ಕೇಳಿಕೊಂಡು ಬಂದು ಬರೆದಿದ್ದಳು. "ಇದು ಪಾಠದಲ್ಲಿ ಇಲ್ಲ" ಎಂದು ಒಬ್ಬ ಅದನ್ನು ಅಳಿಸಿದ. ಅವಳು ಮತ್ತೆ ಬರೆದಳು, ಅವನು ಮತ್ತೆ ಅಳಿಸಿದ. ಪಕ್ಕದ ಮಾತಿನ ಪೆಟ್ಟಿಗೆಯಲ್ಲಿ ಅವಳ ಒಂದು ಸಾಲು: "ನಮ್ಮ ಅಜ್ಜಿ ಪಾಠಕ್ಕಿಂತ ಹಳಬಳು." ಆ ಪೆಟ್ಟಿಗೆಯಲ್ಲಿ ಬಿಸಿಯೂಟದ ಸುದ್ದಿಯೇ ಹೆಚ್ಚು, ಮುಚ್ಚಿಬಿಡೋಣ ಎಂದು ನಾನು ಹೊರಟಿದ್ದೆ. ಈ ಸಾಲು ನೋಡಿದ ಮೇಡಂ ಬೇಡ ಎಂದರು. ಇನ್ನೊಬ್ಬರ ಸಾಲನ್ನು ಅಳಿಸಬಾರದು, ಒಪ್ಪಿಗೆಯಿಲ್ಲದಿದ್ದರೆ ಅದರ ಕೆಳಗೆ ಪ್ರಶ್ನೆ ಬರೆಯಬೇಕು ಎಂದು ನಿಯಮ ಮಾಡಿದರು. ಹುಡುಗನ ಪ್ರಶ್ನೆ "ಕರಗಕ್ಕೂ ಕೆರೆಗೂ ಏನು ಸಂಬಂಧ?" ಎಂದಾಯಿತು. ಅದಕ್ಕೆ ಉತ್ತರ ಹುಡುಕುತ್ತ ಅವರ ವರದಿ ಉಳಿದೆಲ್ಲರದಕ್ಕಿಂತ ಒಂದು ಪುಟ ಉದ್ದವಾಯಿತು.

ಬಾಕಿ ಕೆಲಸ

ಪೈ ಪೆಟ್ಟಿಗೆಯ ಮೇಲೆ ಒಂದು ಕೆಂಪು ಗುಂಡಿ ಹಾಕಿದ್ದೇನೆ. ಮೂರು ಸೆಕೆಂಡ್ ಒತ್ತಿದರೆ ಭಂಡಾರ ಮುಚ್ಚಿಕೊಂಡು ಸಾವಕಾಶವಾಗಿ ಮಲಗುತ್ತದೆ. ಅದನ್ನು ಒತ್ತುವುದು, ಶುಕ್ರವಾರ ಸಂಜೆ ಪೆನ್‌ಡ್ರೈವ್ ಸಿಕ್ಕಿಸಿ ನಕಲು ತೆಗೆದು ಬೀರುವಿನಲ್ಲಿ ಇಡುವುದು, ಎರಡನ್ನೂ ಎಫ್‌ಡಿಎ ಮತ್ತು ಇಬ್ಬರು ವಿದ್ಯಾರ್ಥಿನಿಯರು ಕಲಿತಿದ್ದಾರೆ. ಅವರು ಹತ್ತನೇ ತರಗತಿ ಮುಗಿಸಿ ಹೋಗುವ ಮೊದಲು ಎಂಟನೆಯವರಿಗೆ ಕಲಿಸಬೇಕು, ಕ್ರಿಂಪ್ ಮಾಡುವುದನ್ನೂ ಸೇರಿಸಿ. ಹಂತಗಳನ್ನು ಬರೆದು ಲ್ಯಾಮಿನೇಟ್ ಮಾಡಿ ಗೋಡೆಗೆ ಅಂಟಿಸಿದೆ. ಸರ್ವರಿನ ಗುಪ್ತಪದ ಮಾತ್ರ ಮುಖ್ಯ ಶಿಕ್ಷಕರ ಬೀರುವಿನಲ್ಲಿ, ಲಕೋಟೆಯಲ್ಲಿದೆ.

ಎಫ್‌ಎ ಕಡತಕ್ಕೆ ಕೊನೆಗೂ ಕಾಗದವೇ ಬೇಕು. ನೇರವಾಗಿ ಬ್ರೌಸರಿನಿಂದ ಮುದ್ರಿಸಿದರೆ ಒತ್ತಕ್ಷರ ಕೆಡುವುದಿಲ್ಲ, ಆದರೆ ಶಾಲೆಯ ಪ್ರಿಂಟರ್ ಕಪ್ಪು-ಬಿಳುಪಿನದು. ಯಾರ ಬಣ್ಣ ಯಾವುದೆಂದು ಕಾಗದದ ಮೇಲೆ ತಿಳಿಯುವುದಿಲ್ಲ. ಸದ್ಯಕ್ಕೆ ಪ್ರತಿ ಪ್ಯಾರಾದ ಕೊನೆಗೆ ಬರೆದವರ ಹಾಜರಿ ಸಂಖ್ಯೆಯನ್ನು ಕಂಸದಲ್ಲಿ ಹಾಕುತ್ತಿದ್ದಾರೆ. ಮುದ್ರಿಸುವಾಗ ಬಣ್ಣದ ಬದಲು ಅಂಚಿನಲ್ಲಿ ಸಂಖ್ಯೆ ತಾನಾಗಿ ಬರುವಂತೆ ಒಂದು ಸಣ್ಣ ಪ್ಲಗಿನ್ ಬರೆಯಬೇಕು. ಅದಕ್ಕೂ ಮೊದಲು ಪ್ರಿಂಟರಿನ ಡ್ರಮ್ ಬದಲಾಯಿಸಬೇಕು, ಪ್ರತಿ ಪುಟದ ನಡುವೆ ಒಂದು ಕಪ್ಪು ಗೆರೆ ಬರುತ್ತಿದೆ.